ಯಕೃತ್ತಿನ ಮುಖ್ಯ ರಕ್ತನಾಳದಲ್ಲಿ ಹೆಪ್ಪು: ಕ್ಯಾನ್ಸರ್ ರೋಗಿಯ ಮನೆಯವರಿಗೊಂದು ಕೈಪಿಡಿ

ನನ್ನ ಸೋದರಮಾವನ ಸಿ.ಟಿ. ಸ್ಕ್ಯಾನ್ ವರದಿ ಎರಡು ಪುಟಗಳದ್ದಾಗಿತ್ತು. ಮೊದಲ ಪುಟದಲ್ಲಿ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಗಡ್ಡೆಯ ಅಳತೆ ಮತ್ತು ಅದರ ಸುತ್ತಲಿನ ಅಂಗಗಳ ವಿವರವಿತ್ತು. ಎರಡನೆಯ ಪುಟದ ತುದಿಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಮುಖ್ಯ ಪೋರ್ಟಲ್ ವೇನ್‌ನಲ್ಲಿ ಭಾಗಶಃ ಥ್ರಾಂಬೋಸಿಸ್ ಇದೆ ಎಂಬ ಒಂದೇ ಒಂದು ಸಾಲಿತ್ತು. ಜಮಖಂಡಿ ತಾಲೂಕಿನ ಹಳ್ಳಿಯಿಂದ ಬೆಳಗಾವಿಗೆ ಬಂದಿದ್ದ ನಾವು ಕ್ಯಾನ್ಸರ್ ಎಂಬ ಮಾತಿನಲ್ಲೇ ಮುಳುಗಿಹೋಗಿದ್ದೆವು. ಆ ಸಾಲು ಏನು ಹೇಳುತ್ತಿದೆ ಎಂದು ಕೇಳುವ ಶಕ್ತಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಹನ್ನೊಂದು ದಿನಗಳ ನಂತರ ಹೊಟ್ಟೆನೋವು ಏರಿ ಮತ್ತೆ ಅದೇ ದಾರಿ ಹಿಡಿದಾಗ, ಆ ಸಾಲಿನ ಅರ್ಥ ನಮಗೆ ತಿಳಿಯಿತು: ಯಕೃತ್ತಿಗೆ ರಕ್ತ ಒಯ್ಯುವ ಮುಖ್ಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಸ್ವಲ್ಪ ಮಟ್ಟಿಗೆ ಮುಚ್ಚಿಕೊಂಡಿತ್ತು. ಮುಂದಿನ ಹತ್ತು ತಿಂಗಳು ಮಾವನ ಔಷಧ, ಸೂಜಿ, ರಕ್ತಪರೀಕ್ಷೆಗಳ ಜವಾಬ್ದಾರಿ ನನ್ನ ಮತ್ತು ಅತ್ತೆಯ ಮೇಲಿತ್ತು. ಆ ಅವಧಿಯಲ್ಲಿ ವೈದ್ಯರಿಂದ ಕೇಳಿ ಕಲಿತದ್ದನ್ನು, ಅದೇ ಸಾಲನ್ನು ತಮ್ಮ ಮನೆಯವರ ವರದಿಯಲ್ಲಿ ಓದುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ನಿರ್ಧರಿಸಬೇಕಾದವರು ಚಿಕಿತ್ಸೆ ನೀಡುವ ವೈದ್ಯರೇ. ಆದರೆ ಅವರಿಗೆ ಯಾವ ಪ್ರಶ್ನೆ ಕೇಳಬೇಕು ಮತ್ತು ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ಮನೆಯವರ ಕೈಯಲ್ಲಿದೆ.

ಯಾವುದು ಈ ರಕ್ತನಾಳ

ಕೈಕಾಲುಗಳಿಂದ ಮರಳುವ ರಕ್ತ ನೇರವಾಗಿ ಹೃದಯದ ಕಡೆಗೆ ಹೋಗುತ್ತದೆ. ಹೊಟ್ಟೆಯೊಳಗಿನ ರಕ್ತದ ದಾರಿ ಬೇರೆ. ಜಠರ, ಕರುಳು, ಮೇದೋಜೀರಕ ಗ್ರಂಥಿ ಮತ್ತು ಗುಲ್ಮ (ಸ್ಪ್ಲೀನ್) ಇವುಗಳಿಂದ ಬರುವ ರಕ್ತವೆಲ್ಲ ಮೊದಲು ಯಕೃತ್ತಿಗೆ, ಅಂದರೆ ನಾವು ದಿನಬಳಕೆಯಲ್ಲಿ ಲಿವರ್ ಎನ್ನುವ ಅಂಗಕ್ಕೆ ಹೋಗಿ, ಅಲ್ಲಿ ಶೋಧನೆಯಾಗಿ ಆಮೇಲೆ ಹೃದಯವನ್ನು ಸೇರುತ್ತದೆ. ಈ ರಕ್ತವನ್ನು ಯಕೃತ್ತಿಗೆ ಒಯ್ಯುವ ನಾಳವೇ ಪೋರ್ಟಲ್ ವೇನ್. ಕರುಳಿನ ಕಡೆಯಿಂದ ಬರುವ ಮೆಸೆಂಟೆರಿಕ್ ನಾಳವೂ ಗುಲ್ಮದ ಕಡೆಯಿಂದ ಬರುವ ಸ್ಪ್ಲೀನಿಕ್ ನಾಳವೂ ಮೇದೋಜೀರಕ ಗ್ರಂಥಿಯ ಹಿಂಬದಿಯಲ್ಲಿ ಕೂಡಿ ಈ ನಾಳವಾಗುತ್ತದೆ. ಉದ್ದ ಸುಮಾರು 8 ಸೆಂ.ಮೀ. ಮಾತ್ರ, ಆದರೆ ಯಕೃತ್ತಿಗೆ ತಲುಪುವ ಒಟ್ಟು ರಕ್ತದ ಸುಮಾರು ಮುಕ್ಕಾಲು ಪಾಲು ಇದರ ಮೂಲಕವೇ ಹೋಗುತ್ತದೆ. ಉಳಿದದ್ದನ್ನು ಹೆಪಾಟಿಕ್ ಅಪಧಮನಿ ಒದಗಿಸುತ್ತದೆ. ಪೋರ್ಟಲ್ ನಾಳ ಕಟ್ಟಿಕೊಂಡಾಗ ಈ ಅಪಧಮನಿ ತನ್ನ ಹರಿವನ್ನು ಹೆಚ್ಚಿಸಿಕೊಳ್ಳುವುದರಿಂದ, ಹೆಪ್ಪು ಕಂಡ ಮಾತ್ರಕ್ಕೆ ಯಕೃತ್ತು ಕೂಡಲೇ ಕೈಬಿಡುವುದಿಲ್ಲ.

ಆಲಮಟ್ಟಿಯ ಕಾಲುವೆಗಳ ಕೆಳಗೆ ಹೊಲ ಮಾಡುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯ ಕಾಲುವೆಯಲ್ಲಿ ಹೂಳು ತುಂಬಿದರೆ ಹಿಂದಿನ ನೀರು ನಿಲ್ಲುವುದಿಲ್ಲ. ಏರಿ, ಒಡ್ಡಿನ ಮೇಲೆ ಹತ್ತಿ, ಎಲ್ಲಿ ಸಂದು ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಪೋರ್ಟಲ್ ನಾಳ ಮುಚ್ಚಿದಾಗಲೂ ಹಿಂದಿನ ಒತ್ತಡ ಏರುತ್ತದೆ. ಗುಲ್ಮ ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬಬಹುದು, ಅನ್ನನಾಳ ಮತ್ತು ಜಠರದ ಒಳಗೋಡೆಯ ಸಣ್ಣ ನಾಳಗಳು ಉಬ್ಬಿ ಒಂದು ದಿನ ಒಡೆದು ರಕ್ತಸ್ರಾವವಾಗಬಹುದು. ವಾರಗಳು ಕಳೆದಂತೆ ಮುಚ್ಚಿದ ನಾಳದ ಸುತ್ತ ಬಳ್ಳಿಯ ಹಾಗೆ ಹೊಸ ಸಣ್ಣ ನಾಳಗಳು ಬೆಳೆದು ರಕ್ತಕ್ಕೆ ಅಡ್ಡದಾರಿ ಮಾಡಿಕೊಡುತ್ತವೆ. ವರದಿಯಲ್ಲಿ ‘ಕ್ಯಾವರ್ನಸ್’ ಅಥವಾ ‘ಕ್ಯಾವರ್ನೋಮಾ’ ಎಂದು ಬರೆದಿದ್ದರೆ ಅದು ಇದೇ.

ಒಂದು ಭಯವನ್ನು ಮಾತ್ರ ಆರಂಭದಲ್ಲೇ ಬಿಡಬಹುದು. ಈ ಹೆಪ್ಪು ಹೃದಯಕ್ಕೆ ಹೋಗಿ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ನಮ್ಮ ನೆಂಟರಲ್ಲಿ ಅನೇಕರು ಹೆದರಿದ್ದರು. ಪೋರ್ಟಲ್ ನಾಳದ ಹರಿವು ಯಕೃತ್ತಿನೊಳಕ್ಕೆ ಹೋಗಿ ಅಲ್ಲಿ ಶೋಧನೆಯಾಗುವುದರಿಂದ ಈ ಹೆಪ್ಪು ಸಾಮಾನ್ಯವಾಗಿ ನೇರವಾಗಿ ಹೃದಯಕ್ಕಾಗಲಿ ಶ್ವಾಸಕೋಶಕ್ಕಾಗಲಿ ಸಾಗುವುದಿಲ್ಲ. ಆದರೆ ಹೊಟ್ಟೆಯಲ್ಲಿ ಹೆಪ್ಪುಗಟ್ಟಿಸಿಕೊಂಡ ರಕ್ತ ಕಾಲಿನ ನಾಳದಲ್ಲೂ ಹೆಪ್ಪುಗಟ್ಟಬಹುದು, ಮತ್ತು ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಬಲ್ಲದು. ಆದ್ದರಿಂದ ಒಂದೇ ಕಾಲು ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋಯುವುದು ಇವುಗಳನ್ನು ಅಲಕ್ಷಿಸುವಂತಿಲ್ಲ.

ಜೀರ್ಣಾಂಗದ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು

ಕ್ಯಾನ್ಸರ್ ಮತ್ತು ಹೆಪ್ಪುಗಟ್ಟುವ ರಕ್ತದ ಸಂಬಂಧವನ್ನು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ವಿವರಿಸಿದ್ದರು. ಎರಡು ವರ್ಷಗಳ ತರುವಾಯ ಅವರೇ ಜೀರ್ಣಾಂಗದ ಕ್ಯಾನ್ಸರಿನಿಂದ, ಅದೇ ಲಕ್ಷಣಗಳನ್ನು ತಮ್ಮಲ್ಲಿ ಕಂಡುಕೊಂಡು ತೀರಿಕೊಂಡರು. ರಕ್ತ ನಾಳದೊಳಗೆ ಹೆಪ್ಪುಗಟ್ಟಬೇಕಾದರೆ ಹರಿವು ನಿಧಾನವಾಗಬೇಕು, ನಾಳದ ಒಳಗೋಡೆಗೆ ಪೆಟ್ಟಾಗಬೇಕು, ಇಲ್ಲವೇ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಬೇಕು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಹೊಟ್ಟೆಯ ಕ್ಯಾನ್ಸರಿನಲ್ಲಿ ಈ ಮೂರೂ ಒಟ್ಟಿಗೆ ಸೇರಿಕೊಳ್ಳುತ್ತವೆ. ಗಡ್ಡೆ ಪಕ್ಕದ ನಾಳವನ್ನು ಒತ್ತುತ್ತದೆ, ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ನಾಳದ ಗೋಡೆಯನ್ನು ಕೆರಳಿಸುತ್ತವೆ, ಕ್ಯಾನ್ಸರ್ ಕೋಶಗಳು ತಾವೇ ಹೆಪ್ಪು ತರುವ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತವೆ. ಎಲ್ಲ ಕ್ಯಾನ್ಸರುಗಳ ಪೈಕಿ ಮೇದೋಜೀರಕ ಗ್ರಂಥಿ ಮತ್ತು ಜಠರದ ಕ್ಯಾನ್ಸರುಗಳಲ್ಲಿ ಹೆಪ್ಪಿನ ಅಪಾಯ ಅತಿ ಹೆಚ್ಚಿನ ಸಾಲಿಗೆ ಸೇರುತ್ತದೆ. ಕಿಮೊಥೆರಪಿಗೆ ಮುನ್ನ ಹೆಪ್ಪಿನ ಅಪಾಯ ಅಳೆಯಲು ವೈದ್ಯರು ಬಳಸುವ ಖೊರಾನಾ ಅಂಕಪಟ್ಟಿಯಲ್ಲಿ ಈ ಎರಡಕ್ಕೂ ಆರಂಭದಲ್ಲೇ 2 ಅಂಕ ಸಿಗುತ್ತವೆ. ಇದಕ್ಕೆ ನಮ್ಮ ಕಡೆಯ ಬೇಸಿಗೆಯನ್ನೂ ಸೇರಿಸಿಕೊಳ್ಳಬೇಕು. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವಾಗ, ವಾಂತಿ–ಭೇದಿಯಿಂದ ಬಳಲುತ್ತ ಹಾಸಿಗೆ ಹಿಡಿದ ರೋಗಿಯ ಮೈಯಲ್ಲಿ ನೀರಿನಂಶ ಇಳಿದರೆ ಅದೂ ಹೆಪ್ಪಿಗೆ ಅನುಕೂಲವೇ. ವೈದ್ಯರು ನೀರಿಗೆ ಮಿತಿ ಹಾಕದಿದ್ದರೆ, ಗುಟುಕು ಗುಟುಕಾಗಿ ಮಜ್ಜಿಗೆ, ಅಂಬಲಿ, ನೀರು ಕೊಡುತ್ತಲೇ ಇರಬೇಕು. ದಿನಕ್ಕೆ ನಾಲ್ಕೈದು ಸಲ ಎಬ್ಬಿಸಿ ಅಂಗಳದಲ್ಲಿ ನಡೆಸಬೇಕು.

ವರದಿಯನ್ನು ಹಿಡಿದು ಕೇಳಬೇಕಾದ ಪ್ರಶ್ನೆಗಳು

ಮೊದಲನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ಇದು ಬರೀ ರಕ್ತದ ಹೆಪ್ಪೋ, ಇಲ್ಲವೇ ಗಡ್ಡೆಯೇ ನಾಳದೊಳಗೆ ಬೆಳೆದಿದೆಯೋ? ಹೊರಗಿನಿಂದ ನೋಡಿದರೆ ಎರಡೂ ನಾಳವನ್ನು ಮುಚ್ಚುತ್ತವೆ, ಆದರೆ ಎರಡರ ಚಿಕಿತ್ಸೆ ಬೇರೆ ಬೇರೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರಿಗೆ ಪೋರ್ಟಲ್ ನಾಳದೊಳಕ್ಕೆ ಬೇರು ಇಳಿಸುವ ಸ್ವಭಾವವಿದೆ. ಹಾಗೆ ಇಳಿದದ್ದು ಜೀವಂತ ಗಡ್ಡೆಯಾದ್ದರಿಂದ ಅದಕ್ಕೆ ತನ್ನದೇ ರಕ್ತಪೂರೈಕೆ ಇರುತ್ತದೆ; ಬಣ್ಣದ ಔಷಧ, ಅಂದರೆ ಕಾಂಟ್ರಾಸ್ಟ್, ಕೊಟ್ಟು ತೆಗೆದ ಸ್ಕ್ಯಾನಿನಲ್ಲಿ ಅದು ಮಿನುಗುತ್ತದೆ, ನಾಳವನ್ನು ಉಬ್ಬಿಸುತ್ತದೆ. ಬರೀ ಹೆಪ್ಪಿನೊಳಗೆ ಬಣ್ಣ ಹೋಗುವುದಿಲ್ಲ. ರಕ್ತ ತೆಳುವಾಗಿಸುವ ಔಷಧ ಬರೀ ಹೆಪ್ಪಿಗೆ ಕೆಲಸ ಮಾಡುತ್ತದೆಯೇ ಹೊರತು ನಾಳದೊಳಗೆ ಬೆಳೆದ ಗಡ್ಡೆಯನ್ನು ಕರಗಿಸಲಾರದು. ಅಲ್ಲಿ ಕ್ಯಾನ್ಸರಿನ ಹಂತವೂ ಚಿಕಿತ್ಸೆಯ ದಾರಿಯೂ ಬದಲಾಗುತ್ತವೆ. ಆದ್ದರಿಂದ ವರದಿಯಲ್ಲಿ ‘ಬ್ಲ್ಯಾಂಡ್’ (ಬರೀ ಹೆಪ್ಪು) ಎಂದಿದೆಯೋ ‘ಟ್ಯೂಮರ್ ಥ್ರಾಂಬಸ್’ (ನಾಳದೊಳಗೆ ಬೆಳೆದ ಗಡ್ಡೆ) ಎಂದಿದೆಯೋ ನೋಡಬೇಕು. ಎರಡೂ ಇಲ್ಲದಿದ್ದರೆ ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟರನ್ನು ಕೇಳಿ ಬರೆಸಬೇಕೆಂದು ವೈದ್ಯರಲ್ಲಿ ವಿನಂತಿಸಬೇಕು. ಇದು ಅಧಿಕಪ್ರಸಂಗವೆಂದು ಸಂಕೋಚಪಡಬಾರದು. ನಾವು ಸಂಕೋಚಪಟ್ಟು ಹನ್ನೊಂದು ದಿನ ಕಳೆದುಕೊಂಡೆವು.

ಎರಡನೆಯದು, ಹೆಪ್ಪು ಹೊಸದೋ ಹಳೆಯದೋ ಎಂಬುದು. ಹೊಸ ಹೆಪ್ಪು ಔಷಧಕ್ಕೆ ಹೆಚ್ಚು ಬಗ್ಗುತ್ತದೆ, ಬೇಗ ಆರಂಭಿಸಿದಷ್ಟೂ ನಾಳ ಮತ್ತೆ ತೆರೆದುಕೊಳ್ಳುವ ಸಾಧ್ಯತೆ ಹೆಚ್ಚು. ಹಳೆಯ ಹೆಪ್ಪಿನ ಸುತ್ತ ಅಡ್ಡದಾರಿಗಳು ಆಗಲೇ ಬೆಳೆದಿದ್ದರೆ ಔಷಧದಿಂದ ಸಿಗುವ ಲಾಭ ಕಡಿಮೆಯಾಗಿ, ಉಬ್ಬಿದ ನಾಳಗಳಿಂದ ರಕ್ತಸ್ರಾವವಾಗದಂತೆ ತಡೆಯುವುದೇ ಮುಖ್ಯ ಕೆಲಸವಾಗಬಹುದು. ಹಿಂದಿನ ಸ್ಕ್ಯಾನ್ ಇದ್ದರೆ ಅದರ ಸಿ.ಡಿ. ಮತ್ತು ಫಿಲ್ಮುಗಳನ್ನು ಕಡ್ಡಾಯವಾಗಿ ಒಯ್ಯಬೇಕು. ಮೂರು ತಿಂಗಳ ಹಿಂದೆ ನಾಳ ತೆರೆದಿತ್ತು ಎಂದು ತೋರಿಸುವ ಒಂದು ಹಳೆಯ ಫಿಲ್ಮು, ಹತ್ತು ಹೊಸ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಹೆಪ್ಪು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನೂ ಕೇಳಿಕೊಳ್ಳಬೇಕು. ಯಕೃತ್ತಿನೊಳಗಿನ ಒಂದು ಸಣ್ಣ ಕವಲಿನಲ್ಲಿದ್ದರೆ ಒಂದು ಮಾತು. ಹಿಮ್ಮುಖವಾಗಿ ಕರುಳಿನ ಮೆಸೆಂಟೆರಿಕ್ ನಾಳಕ್ಕೆ ಇಳಿದಿದ್ದರೆ ಬೇರೆಯೇ ಮಾತು. ಅಲ್ಲಿ ಕರುಳಿನ ರಕ್ತ ಹೊರಹೋಗಲಾರದೆ ಕರುಳೇ ಕೊಳೆಯುವ ಅಪಾಯವಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬ ತೀರ್ಮಾನಕ್ಕೂ ಈ ನಾಳಗಳ ಸ್ಥಿತಿ ಬೇಕಾಗುತ್ತದೆ.

ಯಾವ ನೋವೂ ಇಲ್ಲದೆ, ಕ್ಯಾನ್ಸರಿನ ಹಂತ ನೋಡಲು ತೆಗೆದ ಸ್ಕ್ಯಾನಿನಲ್ಲಿ ಹೆಪ್ಪು ಅಕಸ್ಮಾತ್ತಾಗಿ ಸಿಗುವುದು ಬಹಳ ಸಾಮಾನ್ಯ. ಲಕ್ಷಣವಿಲ್ಲ ಎಂದಮಾತ್ರಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದಲ್ಲ. ಹಾಗೆಯೇ ಪ್ರತಿಯೊಬ್ಬರಿಗೂ ಔಷಧ ಕೊಡಲೇಬೇಕು ಎಂದೂ ಇಲ್ಲ. ರಕ್ತಸ್ರಾವದ ಅಪಾಯ ಹೆಚ್ಚಿರುವವರಲ್ಲಿ ಕಾದು, ಮತ್ತೆ ಸ್ಕ್ಯಾನ್ ಮಾಡಿ ನೋಡೋಣ ಎಂದು ವೈದ್ಯರು ನಿರ್ಧರಿಸಬಹುದು. ಔಷಧ ಕೊಟ್ಟರೂ ಕೊಡದಿದ್ದರೂ ಅದರ ಕಾರಣವನ್ನು ಕೇಳಿ ತಿಳಿದು, ಕಡತದಲ್ಲಿ ಬರೆದುಕೊಳ್ಳಬೇಕು.

ಔಷಧಕ್ಕೆ ಮುನ್ನ, ಔಷಧದ ಆಯ್ಕೆಯಲ್ಲಿ

ರಕ್ತ ತೆಳುವಾಗಿಸುವ ಚಿಕಿತ್ಸೆ ಆರಂಭಿಸುವ ಮೊದಲು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಯಕೃತ್ತಿನ ಪರೀಕ್ಷೆ, ರೋಗಿಯ ತೂಕ ಇಷ್ಟು ಅಗತ್ಯ. ಯಕೃತ್ತು ಗಟ್ಟಿಯಾದ ಸಿರೋಸಿಸ್ ರೋಗಿಗಳಲ್ಲಿ, ಗುಲ್ಮ ಊದಿದವರಲ್ಲಿ, ಅನ್ನನಾಳದ ನಾಳಗಳು ಉಬ್ಬಿವೆಯೇ ಎಂದು ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ಉಬ್ಬಿದ್ದರೆ ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕುವುದೋ, ಒತ್ತಡ ಇಳಿಸುವ ಮಾತ್ರೆ ಕೊಡುವುದೋ ಮಾಡಿ ನಂತರ ರಕ್ತ ತೆಳುವಾಗಿಸುತ್ತಾರೆ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದಾಗ ವೈದ್ಯರು ಔಷಧದ ಪ್ರಮಾಣವನ್ನು ಮರುಪರಿಶೀಲಿಸುತ್ತಾರೆ, 25,000ಕ್ಕಿಂತ ಕೆಳಗಾದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಕಿಮೊಥೆರಪಿ ನಡೆಯುತ್ತಿರುವವರಲ್ಲಿ ಈ ಎಣಿಕೆ ವಾರದಿಂದ ವಾರಕ್ಕೆ ಬದಲಾಗುವುದರಿಂದ, ರಕ್ತಪರೀಕ್ಷೆಯ ಫಲಿತಾಂಶ ಕೈಗೆ ಬಂದ ದಿನವೇ ಅದನ್ನು ವೈದ್ಯರಿಗೆ ತಿಳಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಹೆಪಾರಿನ್ ಜಾತಿಯ ಸೂಜಿ ಆರಂಭಿಸಿದ ಐದರಿಂದ ಹತ್ತು ದಿನಗಳ ನಡುವೆ, ಅಪರೂಪಕ್ಕೆ, ಆ ಔಷಧದಿಂದಲೇ ಪ್ಲೇಟ್‌ಲೆಟ್ ಕುಸಿಯುವುದುಂಟು. ಆ ಅವಧಿಯ ರಕ್ತಪರೀಕ್ಷೆಯನ್ನು ತಪ್ಪಿಸಬಾರದು.

ಔಷಧಗಳು ಮುಖ್ಯವಾಗಿ ಮೂರು ಬಗೆ. ಹೊಟ್ಟೆಯ ಚರ್ಮದಡಿ ಕೊಡುವ ಎನಾಕ್ಸಪರಿನ್ ಮುಂತಾದ ಹೆಪಾರಿನ್ ಜಾತಿಯ ಸೂಜಿಗಳು, ಎಪಿಕ್ಸಬಾನ್–ರಿವರಾಕ್ಸಬಾನ್ ಎಂಬ ಹೊಸ ಮಾತ್ರೆಗಳು, ಮತ್ತು ವಾರ್ಫರಿನ್ ಎಂಬ ಹಳೆಯ ಮಾತ್ರೆ. ಮಾತ್ರೆ ಇರುವಾಗ ಸೂಜಿ ಏಕೆ ಎಂದು ಮಾವ ದಿನಾಲೂ ಕೇಳುತ್ತಿದ್ದರು. ಕಾರಣಗಳಿವೆ. ಜಠರದಲ್ಲಿ ಅಥವಾ ಕರುಳಿನಲ್ಲಿ ಗಡ್ಡೆಯನ್ನು ಇನ್ನೂ ತೆಗೆಯದೆ ಇದ್ದಾಗ, ಹೊಸ ಮಾತ್ರೆಗಳಲ್ಲಿ ಕೆಲವು ಆ ಗಡ್ಡೆಯಿಂದ ರಕ್ತ ಸೋರುವ ಅಪಾಯವನ್ನು ಸೂಜಿಗಿಂತ ಹೆಚ್ಚಿಸುತ್ತವೆ. ಜಠರವನ್ನು ತೆಗೆದುಹಾಕಿರುವವರಿಗೆ, ಸದಾ ವಾಂತಿಯಾಗುವವರಿಗೆ ಮಾತ್ರೆ ಸರಿಯಾಗಿ ಮೈಗೆ ಹತ್ತದಿರಬಹುದು. ಯಕೃತ್ತು ಬಹಳ ಕೆಟ್ಟಿದ್ದರೆ ಹೊಸ ಮಾತ್ರೆಗಳು ನಿಷಿದ್ಧ. ವಾರ್ಫರಿನ್‌ಗೆ ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐ.ಎನ್.ಆರ್. ಎಂಬ ಪರೀಕ್ಷೆ ಪದೇ ಪದೇ ಬೇಕು, ಮತ್ತು ಕರುಳಿನ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಾಬಿನ್ ಮಾತ್ರೆ ಅದರ ಶಕ್ತಿಯನ್ನು ಅಪಾಯಕಾರಿಯಾಗಿ ಏರಿಸುತ್ತದೆ. ಇನ್ನೊಂದು ಕಡೆ, ಸೂಜಿ ಬೇಸರ ತರಿಸಿ ರೋಗಿ ಚಿಕಿತ್ಸೆಯನ್ನೇ ಬಿಡುವ ಸ್ಥಿತಿ ಬಂದರೆ, ಮಾತ್ರೆಗೆ ಬದಲಾಯಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳುವುದೇ ಸರಿಯಾದ ದಾರಿ; ತಾವಾಗಿ ನಿಲ್ಲಿಸುವುದಲ್ಲ. ರಿವರಾಕ್ಸಬಾನ್ 15 ಮತ್ತು 20 ಮಿ.ಗ್ರಾಂ. ಮಾತ್ರೆಗಳನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕೆಂಬುದು ನೆನಪಿರಲಿ.

ಮನೆಯಲ್ಲಿ ಸೂಜಿ ಕೊಡುವ ಕ್ರಮ

ಎನಾಕ್ಸಪರಿನ್ ಪ್ರಮಾಣ ತೂಕದ ಮೇಲೆ ನಿಂತಿದೆ. ಮೂತ್ರಪಿಂಡ ಸರಿಯಿರುವವರಿಗೆ ಸಾಮಾನ್ಯವಾಗಿ ಪ್ರತಿ ಕಿಲೋಗೆ 1 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ಅಂದರೆ 60 ಕಿಲೋ ತೂಗುವವರಿಗೆ 60 ಮಿ.ಗ್ರಾಂ. ಎರಡು ಹೊತ್ತು. ಇಲ್ಲಿ ನಾವು ಮರೆತಿದ್ದ ಒಂದು ಸಂಗತಿಯಿದೆ: ಕ್ಯಾನ್ಸರ್ ರೋಗಿಯ ತೂಕ ನಿಂತಲ್ಲಿ ನಿಲ್ಲುವುದಿಲ್ಲ. ಮಾವ 62 ಕಿಲೋದಿಂದ 53ಕ್ಕೆ ಇಳಿದಿದ್ದರು, ಸೂಜಿ ಮಾತ್ರ ಹಳೆಯ ತೂಕದ್ದೇ ನಡೆದಿತ್ತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿದ ಮೇಲೆ ನಮಗೆ ಎಚ್ಚರವಾಯಿತು. ಎರಡು ವಾರಕ್ಕೊಮ್ಮೆ ತೂಗಿ, ಬರೆದಿಟ್ಟು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ಹೇಳಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತೂಕ ಮೋಸ ಮಾಡುತ್ತದೆ ಎಂಬುದನ್ನೂ ಅವರ ಗಮನಕ್ಕೆ ತರಬೇಕು.

ಆಸ್ಪತ್ರೆಯಿಂದ ಬಿಡುವ ಮುನ್ನ, ಮನೆಯಲ್ಲಿ ಸೂಜಿ ಕೊಡುವವರು ನರ್ಸ್ ಅವರ ಎದುರಿನಲ್ಲೇ ಒಂದೆರಡು ಸಲ ಕೊಟ್ಟು ಕಲಿಯಬೇಕು. ನಮ್ಮಲ್ಲಿ ಕಲಿತವರು ಅತ್ತೆ. ಮೊದಲ ದಿನ ಅವರ ಕೈ ನಡುಗಿತು. ಮಾವನೇ ‘ಏನೂ ಆಗೂದಿಲ್ಲ, ಚುಚ್ಚು’ ಎಂದು ಧೈರ್ಯ ಹೇಳಿದರು. ಕ್ರಮ ಹೀಗಿದೆ. ಸಾಬೂನಿನಿಂದ ಕೈ ತೊಳೆದು, ರೋಗಿಯನ್ನು ಒರಗಿಸಿ ಮಲಗಿಸಿ, ಹೊಕ್ಕುಳಿನಿಂದ ಸುಮಾರು 5 ಸೆಂ.ಮೀ., ಅಂದರೆ ಮೂರು ಬೆರಳು ಅಗಲ, ದೂರದಲ್ಲಿ ಬಲಕ್ಕೋ ಎಡಕ್ಕೋ ಜಾಗ ಆರಿಸಬೇಕು. ಶಸ್ತ್ರಚಿಕಿತ್ಸೆಯ ಗಾಯ, ಕಂದಿದ ಕಲೆ, ಮಲದ ಚೀಲ ಅಂಟಿಸಿದ ಜಾಗ ಇವುಗಳನ್ನು ಬಿಡಬೇಕು. ಹೊಟ್ಟೆ ನೀರಿನಿಂದ ಬಿಗಿದಿದ್ದರೆ ತೊಡೆಯ ಹೊರಭಾಗದಲ್ಲಿ ಕೊಡಬಹುದೇ ಎಂದು ಕೇಳಿಕೊಳ್ಳಬೇಕು. ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಲು ಬಿಟ್ಟು, ಎರಡು ಬೆರಳಿನಿಂದ ಚರ್ಮದ ಮಡಿಕೆ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ಔಷಧವನ್ನು ನಿಧಾನವಾಗಿ ಒತ್ತಬೇಕು. ಸೂಜಿ ಹೊರಬರುವವರೆಗೆ ಮಡಿಕೆ ಬಿಡಬಾರದು. ತುಂಬಿ ಬಂದ ಸಿರಿಂಜಿನಲ್ಲಿ ಕಾಣುವ ಗಾಳಿಗುಳ್ಳೆಯನ್ನು, ಪೂರ್ತಿ ಸಿರಿಂಜು ಕೊಡುವಾಗ, ಹೊರತಳ್ಳಬಾರದು. ಅದನ್ನು ತಳ್ಳಲು ಹೋದರೆ ಔಷಧವೂ ಚೆಲ್ಲುತ್ತದೆ. ಕೊಟ್ಟ ಮೇಲೆ ಜಾಗವನ್ನು ಉಜ್ಜಲೇಬಾರದು. ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿದರೆ ಸಾಕು. ಉಜ್ಜಿದರೆ ಚರ್ಮದಡಿ ರಕ್ತ ಹರಡಿ ನೀಲಿಗಟ್ಟುತ್ತದೆ.

ಅತ್ತೆ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಪ್ರತಿ ದಿನದ ಚೌಕದಲ್ಲಿ ಬೆಳಿಗ್ಗೆಗೆ ‘ಎ’, ಸಂಜೆಗೆ ‘ಬ’ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು: ಎಡಕ್ಕೆ ಕೊಟ್ಟದ್ದು, ಬಲಕ್ಕೆ ಕೊಟ್ಟದ್ದು. ಒಂದೇ ಬದಿಗೆ ಮತ್ತೆ ಮತ್ತೆ ಚುಚ್ಚದಿರಲಿಕ್ಕೂ, ಕೊಟ್ಟಾಯಿತೋ ಇಲ್ಲವೋ ಎಂಬ ಗೊಂದಲ ಬರದಿರಲಿಕ್ಕೂ ಇದಕ್ಕಿಂತ ಸುಲಭ ಉಪಾಯ ನನಗೆ ಕಂಡಿಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೂಜಿ ಕೊಡಬಾರದು. ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಸಿರಿಂಜುಗಳನ್ನು ಪೆಟ್ಟಿಗೆಯ ಮೇಲೆ ಬರೆದ ಉಷ್ಣಾಂಶದಲ್ಲಿ, ಸಾಮಾನ್ಯವಾಗಿ 25 ಡಿಗ್ರಿಯೊಳಗೆ, ಇಡಬೇಕಾಗುತ್ತದೆ. ಪತ್ರಾಸಿನ ಮನೆಯ ಮಾಡಿನಡಿ, ಬೈಕಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಂತ ಬಸ್ಸಿನ ಕಿಟಕಿಯ ಬಳಿ ಇಡಬಾರದು, ಫ್ರೀಜರಿನಲ್ಲಂತೂ ಇಡಲೇಬಾರದು. ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯದೆ, ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಹೋದಾಗ ಒಪ್ಪಿಸಬೇಕು. ಕಸ ಆರಿಸುವವರ, ಓಣಿಯಲ್ಲಿ ಆಡುವ ಮಕ್ಕಳ ಕೈಕಾಲಿಗೆ ಅವು ಚುಚ್ಚಬಾರದು.

ಮಾಡಬಾರದ್ದು

ನಮ್ಮ ಕಡೆ ನೋವು, ಜ್ವರ ಎಂದು ದವಾಖಾನೆಗೆ ಹೋದರೆ ಸೂಜಿ ಮಾಡಿಸಿಕೊಳ್ಳದೆ ಬರುವುದು ಕಡಿಮೆ. ಸೊಂಟನೋವೆಂದು ಮಾವ ಊರ ಹತ್ತಿರದ ಒಂದು ಕ್ಲಿನಿಕ್ಕಿಗೆ ಒಬ್ಬರೇ ಹೋಗಿ, ಪೃಷ್ಠಕ್ಕೆ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಂಡು ಬಂದರು. ತಾನು ರಕ್ತ ತೆಳುವಾಗಿಸುವ ಔಷಧದ ಮೇಲಿದ್ದೇನೆಂದು ಅವರು ಹೇಳಲಿಲ್ಲ, ಅಲ್ಲಿದ್ದವರು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸೂಜಿ ಹಾಕಿದ ಜಾಗದಿಂದ ತೊಡೆಯ ಅರ್ಧದವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಬಾತು, ಕೂರಲಾಗದ ಸ್ಥಿತಿ ಬಂದಿತ್ತು. ಹಿಮೋಗ್ಲೋಬಿನ್ ಇಳಿದು ಒಂದು ಬಾಟಲಿ ರಕ್ತ ಕೊಡಿಸಬೇಕಾಯಿತು. ರಕ್ತ ತೆಳುವಾಗಿಸುವ ಔಷಧದ ಮೇಲಿರುವಾಗ ಸ್ನಾಯುವಿಗೆ ಸೂಜಿ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಅವು ಜಠರದಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದೆಂದು ಯಕೃತ್ತಿನ ಸ್ಥಿತಿ ನೋಡಿ ವೈದ್ಯರು ಹೇಳುತ್ತಾರೆ. ಹಲ್ಲು ಕೀಳಿಸುವುದು, ಎಂಡೋಸ್ಕೋಪಿ, ಬಯಾಪ್ಸಿ, ಹೊಟ್ಟೆಯ ನೀರು ತೆಗೆಸುವುದು ಯಾವುದೇ ಇರಲಿ, ಔಷಧ ನಿಲ್ಲಿಸಬೇಕೇ, ಎಷ್ಟು ಗಂಟೆ ಮೊದಲು ಎಂದು ಮುಂಚಿತವಾಗಿಯೇ ಕೇಳಬೇಕು. ‘ರಕ್ತ ತೆಳುವಾಗಿಸುವ ಔಷಧ ನಡೆದಿದೆ’ ಎಂದು ಔಷಧದ ಹೆಸರು, ಪ್ರಮಾಣ ಬರೆದ ಒಂದು ಚೀಟಿಯನ್ನು ಆ ಘಟನೆಯ ನಂತರ ನಾವು ಮಾವನ ಅಂಗಿಯ ಜೇಬಿನಲ್ಲೇ ಇಟ್ಟೆವು.

ಕಾಮಣಿಗೆ ಎಲೆ ಕೊಡುವವರು, ಗಡ್ಡೆ ಕರಗಿಸುವ ಪುಡಿ ಕೊಡುವವರು ಎಂದು ನೆಂಟರು ಪ್ರೀತಿಯಿಂದಲೇ ಹೆಸರು ಹೇಳುತ್ತಾರೆ. ಏನಿದೆಯೆಂದು ತಿಳಿಯದ ಪುಡಿ ಯಕೃತ್ತಿಗೂ ಕೆಡುಕು, ಔಷಧದ ಬಲವನ್ನೂ ಏರುಪೇರು ಮಾಡುತ್ತದೆ. ಅವರ ಮನಸ್ಸು ನೋಯದಂತೆ ಬೇಡವೆನ್ನುವುದನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಬೇಕು. ಹೊಟ್ಟೆಯನ್ನು ಎಣ್ಣೆ ಹಚ್ಚಿ ಒತ್ತಿ ತಿಕ್ಕುವುದೂ ಬೇಡ.

ಊಟದ ವಿಷಯದಲ್ಲಿ ಅನಗತ್ಯ ಪಥ್ಯ ಬಹಳ. ಸೊಪ್ಪಿನ ಎಚ್ಚರಿಕೆ ವಾರ್ಫರಿನ್‌ಗೆ ಮಾತ್ರ ಸಂಬಂಧಿಸಿದ್ದು, ಅಲ್ಲಿಯೂ ಸೊಪ್ಪು ಬಿಡಬೇಕೆಂದಲ್ಲ. ಮೆಂತ್ಯ, ಪಾಲಕ, ಹಕ್ಕರಕಿಗಳನ್ನು ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಎಂದಷ್ಟೇ. ಎನಾಕ್ಸಪರಿನ್ ಸೂಜಿಗಾಗಲಿ ಹೊಸ ಮಾತ್ರೆಗಳಿಗಾಗಲಿ ಸೊಪ್ಪಿನ ತಂಟೆಯಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿರುವವರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಬಿಡಬೇಕು. ಗಟ್ಟಿ ರೊಟ್ಟಿ ಇಳಿಯದವರಿಗೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿಯೋ ಬೇಳೆಕಟ್ಟಿನಲ್ಲಿಯೋ ಹಿಸುಕಿ ಕೊಡಬಹುದು. ಮದ್ಯ ಸಂಪೂರ್ಣ ನಿಷಿದ್ಧ.

ರಾತ್ರಿಯಾದರೂ ಹೊರಡಬೇಕಾದ ಸಂದರ್ಭಗಳು

ರಕ್ತವಾಂತಿ, ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ದುರ್ವಾಸನೆಯಿಂದ ಬರುವ ಮಲ, ಏನು ಮಾಡಿದರೂ ಇಳಿಯದ ಹೊಟ್ಟೆನೋವು ಮತ್ತು ಉಬ್ಬರ, ಮಲದಲ್ಲಿ ಕೆಂಪು ರಕ್ತ, ನಡುಕದ ಜ್ವರ, ಬಿದ್ದು ತಲೆಗೆ ಪೆಟ್ಟಾಗುವುದು, ಮಂಕು ಕವಿದು ಮಾತು ತಪ್ಪುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಕಬ್ಬಿಣದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಅಂಟಂಟಾಗಿರುವುದಿಲ್ಲ; ಅನುಮಾನವಿದ್ದರೆ ರಕ್ತವೆಂದೇ ತಿಳಿದು ಹೊರಡಬೇಕು. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿ, ರಕ್ತದ ಒತ್ತಡ ಸ್ಥಿರವಾದ ಮೇಲೆ, ಎಂಡೋಸ್ಕೋಪಿ ಮತ್ತು ರಕ್ತನಿಧಿ ಇರುವ ಆಸ್ಪತ್ರೆಗೆ ಹೋಗಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ನಗರಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ರಾತ್ರಿ ಹೊತ್ತು ಎಂಡೋಸ್ಕೋಪಿ ಎಲ್ಲಿ ಸಿಗುತ್ತದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಸಮಾಧಾನದಿಂದಿರುವ ದಿನವೇ ವಿಚಾರಿಸಿ, ಆ ಫೋನ್ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಬೇಕು.

ಖರ್ಚು, ಕಡತ, ಮುಂದಿನ ಸ್ಕ್ಯಾನ್

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಆದರೆ ಮನೆಗೆ ಒಯ್ಯುವ ಸೂಜಿಗಳ ಖರ್ಚು ಬಹುತೇಕ ನಮ್ಮ ಕೈಯಿಂದಲೇ ಹೋಯಿತು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಬಳಿ ಏನೇನು ಸೇರುತ್ತದೆ ಎಂದು ಮೊದಲೇ ಕೇಳಬೇಕು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಸಿಗುತ್ತದೆಯೇ ಎಂದು ವಿಚಾರಿಸಬೇಕು. ದುಡ್ಡಿಲ್ಲದೆ ಸೂಜಿ ನಿಲ್ಲುವ ಪರಿಸ್ಥಿತಿ ಬಂದರೆ ವೈದ್ಯರಿಗೆ ನಾಚದೆ ಹೇಳಬೇಕು, ಕಡಿಮೆ ಬೆಲೆಯ ಮಾತ್ರೆ ಹೊಂದುತ್ತದೆಯೇ ಎಂದು ಅವರು ನೋಡುತ್ತಾರೆ. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಟ್ಟು, ಎಲ್ಲಕ್ಕಿಂತ ಮೇಲೆ ಈಗ ನಡೆಯುತ್ತಿರುವ ಔಷಧಗಳ ಹಾಳೆ ಇರಬೇಕು.

ಚಿಕಿತ್ಸೆ ಸಾಮಾನ್ಯವಾಗಿ ಕನಿಷ್ಠ ಮೂರರಿಂದ ಆರು ತಿಂಗಳು; ಕ್ಯಾನ್ಸರ್ ಸಕ್ರಿಯವಾಗಿರುವವರೆಗೆ, ಕಿಮೊಥೆರಪಿ ನಡೆಯುವವರೆಗೆ ಅದನ್ನು ಮುಂದುವರಿಸುವುದು ರೂಢಿ. ಮೂರು ತಿಂಗಳ ಹೊತ್ತಿಗೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಅಥವಾ ಸಿ.ಟಿ. ಮಾಡಿ ನಾಳ ತೆರೆದಿದೆಯೇ ಎಂದು ನೋಡುತ್ತಾರೆ. ಮಾವನ ನಾಳ ಪೂರ್ತಿ ತೆರೆಯಲಿಲ್ಲ; ಹೆಪ್ಪು ಹಬ್ಬುವುದು ನಿಂತಿತು, ಕರುಳು ಉಳಿಯಿತು, ಕಿಮೊಥೆರಪಿ ತಡೆಯಿಲ್ಲದೆ ನಡೆಯಿತು. ವೈದ್ಯರು ಅದನ್ನು ಒಳ್ಳೆಯ ಫಲಿತಾಂಶವೆಂದೇ ಹೇಳಿದರು, ಈಗ ನನಗೂ ಹಾಗೆಯೇ ಅನಿಸುತ್ತದೆ.

ಕೊನೆಯದಾಗಿ, ಯಾರೂ ಮುಂದಾಗಿ ಮಾತನಾಡದ ಒಂದು ವಿಷಯವನ್ನೂ ಹೇಳಬೇಕು. ಕ್ಯಾನ್ಸರ್ ಚಿಕಿತ್ಸೆ ಇನ್ನು ಫಲಿಸುವುದಿಲ್ಲ ಎಂಬ ಹಂತ ಬಂದಾಗ, ದಿನಕ್ಕೆ ಎರಡು ಸೂಜಿಯಿಂದ ರೋಗಿಗೆ ಸಿಗುವ ನೆಮ್ಮದಿ ಏನು ಎಂದು ವೈದ್ಯರ ಜೊತೆ ಕೂತು ಕೇಳಬಹುದು, ಕೇಳಬೇಕು. ನಿಲ್ಲಿಸುವುದು ಕೈಬಿಟ್ಟಂತೆ ಅಲ್ಲ. ಎಂಟನೆಯ ತಿಂಗಳು ದಾಟಿದ ಮೇಲೆ ಮಾವನೇ ‘ಸಾಕ್ ಮಾಡ್ರಿ ತಮ್ಮಾ, ಹೊಟ್ಟಿ ಮ್ಯಾಲ ಜಾಗಾನ ಉಳದಿಲ್ಲ’ ಎಂದರು. ವೈದ್ಯರು ನೋವಿನ ಔಷಧ ಉಳಿಸಿ ಸೂಜಿ ನಿಲ್ಲಿಸಿದರು. ಆ ದಿನದಿಂದ ಕ್ಯಾಲೆಂಡರಿನ ಚೌಕಗಳಲ್ಲಿ ‘ಎ’, ‘ಬ’ ಅಕ್ಷರಗಳಿಲ್ಲ. ಆ ದಿನ ಮಾವ ಏನು ಉಂಡರು ಎಂಬುದನ್ನಷ್ಟೇ ಅತ್ತೆ ಬರೆದಿದ್ದಾರೆ.